ನಡುಗಡಲಿನ ಫೋನ್ ಬಿಲ್

1969ರ ಮಾರ್ಚ್ ತಿಂಗಳು. ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಸಮೀಪ ಒಂದು ತೈಲಹಡಗಿನ ಡೆಕ್ಕಿನ ಮೇಲೆ ಪುಟ್ಟದೊಂದು ಡಬ್ಬಿ ಬಂದು ಬಿತ್ತು. ಕೆಳಗೆ ‘ಜೋಶುವಾ’ ಎಂಬ ಕೆಂಪು ಹಾಯಿದೋಣಿಯಲ್ಲಿ ಒಬ್ಬನೇ ನಿಂತಿದ್ದ ಫ್ರೆಂಚ್ ನಾವಿಕ ಬರ್ನಾರ್ ಮೊಯ್ತೆಸಿಯೆ ಅದನ್ನು ರಬ್ಬರಿನ ಕವಣೆಯಿಂದ ಹೊಡೆದಿದ್ದ. ಒಳಗಿದ್ದ ಚೀಟಿ ಲಂಡನ್ನಿನ ‘ಸಂಡೇ ಟೈಮ್ಸ್’ ಪತ್ರಿಕೆಗೆ. ಎಲ್ಲೂ ನಿಲ್ಲದೆ ಒಬ್ಬರೇ ಭೂಮಿ ಸುತ್ತುವ ‘ಗೋಲ್ಡನ್ ಗ್ಲೋಬ್’ ಸ್ಪರ್ಧೆಯನ್ನು ಅದೇ ಪತ್ರಿಕೆ ನಡೆಸುತ್ತಿತ್ತು. ಗೆಲ್ಲುವ ಸಾಧ್ಯತೆ ಚೆನ್ನಾಗಿಯೇ ಇದ್ದ ಮೊಯ್ತೆಸಿಯೆ, ತಾನು ಯುರೋಪಿಗೆ ಮರಳುವುದಿಲ್ಲ, ಪೆಸಿಫಿಕ್ ಕಡೆಗೇ ಹೊರಟೆ ಎಂದು ತಿಳಿಸಿದ್ದ. ಕೊನೆಗೆ ಅವನು ಮುಟ್ಟಿದ್ದು ತಾಹಿತಿ ದ್ವೀಪವನ್ನು.

ಹೊರಡುವ ಮೊದಲು ಪತ್ರಿಕೆಯವರು ಅವನಿಗೊಂದು ರೇಡಿಯೊ ಕೊಡಲು ಬಂದಿದ್ದರು. ಅವನು ಬೇಡ ಎಂದಿದ್ದ. ಅದೇ ಸ್ಪರ್ಧೆಯಲ್ಲಿದ್ದ ಇಂಗ್ಲೆಂಡಿನ ರಾಬಿನ್ ನಾಕ್ಸ್-ಜಾನ್‌ಸ್ಟನ್ ಅವರ ‘ಸುಹೇಲಿ’, ಮುಂಬೈಯಲ್ಲಿ ಸಾಗುವಾನಿ ಮರದಿಂದ ಕಟ್ಟಿದ ದೋಣಿ. ಅದರ ರೇಡಿಯೊ ದಾರಿಯಲ್ಲೇ ಕೆಟ್ಟಿತು. 1968ರ ನವೆಂಬರಿನಲ್ಲಿ ನ್ಯೂಜಿಲೆಂಡ್ ತೀರದ ಹತ್ತಿರ ಕಂಡವರು ಮತ್ತೆ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಬದುಕಿದ್ದಾರೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲ. ಏಪ್ರಿಲಿನಲ್ಲಿ ಅಟ್ಲಾಂಟಿಕ್‌ನಲ್ಲಿ ಎದುರಾದ ಒಂದು ಹಡಗಿಗೆ ದೀಪ ಮಿನುಗಿಸಿ ಸುದ್ದಿ ಕೊಟ್ಟರು. 312 ದಿನಗಳ ಯಾನ ಮುಗಿಸಿ ಏಪ್ರಿಲ್ 22ರಂದು ಫಾಲ್ಮತ್ ಬಂದರಿಗೆ ಬಂದಾಗ, ಒಂಟಿಯಾಗಿ ತಡೆಯಿಲ್ಲದೆ ಭೂಮಿ ಸುತ್ತಿದ ಮೊದಲಿಗರಾಗಿದ್ದರು. ಮೂರನೆಯವನು ಡೊನಾಲ್ಡ್ ಕ್ರೋಹರ್ಸ್ಟ್. ಅವನ ರೇಡಿಯೊ ಕೆಲಸ ಮಾಡುತ್ತಿತ್ತು, ತೊಂದರೆ ಶುರುವಾದದ್ದೇ ಅಲ್ಲಿ. ಅಟ್ಲಾಂಟಿಕ್ ಬಿಟ್ಟು ಕದಲದೆ, ಭೂಮಿ ಸುತ್ತುತ್ತಿರುವಂತೆ ಸುಳ್ಳು ಟೆಲಿಗ್ರಾಂಗಳನ್ನು ಮೋರ್ಸ್ ಸಂಕೇತದಲ್ಲಿ ಕಳಿಸುತ್ತ ಹೋದ. ಆಗಿನ ರೇಡಿಯೊ ಮಾತನ್ನು ದಡಕ್ಕೆ ಮುಟ್ಟಿಸುತ್ತಿತ್ತೇ ಹೊರತು ಅದು ಎಲ್ಲಿಂದ ಹೊರಟಿತು ಎಂಬುದನ್ನಲ್ಲ. ಕೇಳಿದವರು ನಂಬಬೇಕು, ಅಷ್ಟೇ. 1969ರ ಜುಲೈ 10ರಂದು ಅವನ ದೋಣಿ ಬರಿದಾಗಿ ತೇಲುತ್ತಿದ್ದುದು ಸಿಕ್ಕಿತು. ಸುಳ್ಳಿನ ಲೆಕ್ಕವೆಲ್ಲ ದೋಣಿಯ ಪುಸ್ತಕಗಳಲ್ಲೇ ಬರೆದಿಟ್ಟಿತ್ತು.

ಒಬ್ಬನಿಗೆ ರೇಡಿಯೊ ಬೇಡವಾಗಿತ್ತು, ಒಬ್ಬರದು ಕೆಟ್ಟಿತ್ತು, ಇನ್ನೊಬ್ಬನಿಗೆ ಅದೇ ಮುಳುವಾಯಿತು. ಇಂದು ಯಾಟ್ ಕೊಳ್ಳುವವರು ಯಾವ ಡಿಶ್, ಯಾವ ಪ್ಲಾನ್, ತಿಂಗಳಿಗೆ ಎಷ್ಟು ಜಿಬಿ ಎಂದು ತಲೆಕೆಡಿಸಿಕೊಳ್ಳುತ್ತಾರೆ. ಆ ಪ್ರಶ್ನೆಯ ಹಿಂದೆ 100 ವರ್ಷಕ್ಕೂ ಮಿಕ್ಕ ಇತಿಹಾಸವಿದೆ. ಅದರ ತಿರುವುಗಳನ್ನು ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ನಿರ್ಧರಿಸಿದ್ದು ದೋಣಿಯ ಬ್ಯಾಟರಿ, ಮಾಲೀಕನ ಕಿಸೆ.

ತಮಾಷೆಯೆಂದರೆ ಕಡಲಿನ ನಿಸ್ತಂತು ಹುಟ್ಟಿದ್ದೇ ಯಾಟ್‌ಗಳ ಆಸುಪಾಸಿನಲ್ಲಿ. 1898ರ ಜುಲೈಯಲ್ಲಿ ಐರ್ಲೆಂಡಿನ ಕಿಂಗ್ಸ್‌ಟೌನ್‌ನಲ್ಲಿ ನಡೆದ ಹಾಯಿದೋಣಿ ಪಂದ್ಯವನ್ನು ಗುಗ್ಲಿಯೆಲ್ಮೊ ಮಾರ್ಕೋನಿ ಒಂದು ಟಗ್ ದೋಣಿಯಲ್ಲಿ ಹಿಂಬಾಲಿಸಿ, ಯಾರು ಮುಂದೆ, ಯಾರು ಹಿಂದೆ ಎಂಬುದನ್ನು ಡಬ್ಲಿನ್ನಿನ ಪತ್ರಿಕೆಗೆ ನಿಸ್ತಂತುವಿನಲ್ಲಿ ಕಳಿಸಿದ. ಮರುತಿಂಗಳು ವೇಲ್ಸ್ ರಾಜಕುಮಾರ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ‘ಆಸ್ಬೋರ್ನ್’ ಎಂಬ ರಾಜಯಾಟ್‌ನಲ್ಲಿ ವಿಶ್ರಾಂತಿ ಪಡೆಯುತ್ತಿದ್ದ. ದಡದ ಮೇಲಿನ ಅರಮನೆಯಲ್ಲಿ ತಾಯಿ ವಿಕ್ಟೋರಿಯಾ ರಾಣಿ. ನಡುವೆ ಮಾರ್ಕೋನಿಯ ಯಂತ್ರ. ಎರಡು ವಾರ ಚಿಲ್ಲರೆಯಲ್ಲಿ ಸುಮಾರು 150 ಸಂದೇಶಗಳು ಹೋಗಿ ಬಂದವು, ಹೆಚ್ಚಿನವು ಕಾಲು ನೋವಿನ ವಿಚಾರಣೆ. ಪಂದ್ಯದ ಸ್ಕೋರು ಮತ್ತು ತಾಯಿಯ ಕಳವಳ: ಇಂದಿನ ಮೊಬೈಲಿನಲ್ಲಿ ಓಡಾಡುವುದೂ ಮುಖ್ಯವಾಗಿ ಇವೇ ಅಲ್ಲವೇ?

1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ ದೊಡ್ಡ ಹಡಗುಗಳಲ್ಲಿ ರೇಡಿಯೊ ಇರುವುದೂ, ಹಗಲಿರುಳು ಅದಕ್ಕೆ ಕಿವಿಗೊಡುವುದೂ ಕಾನೂನಾಯಿತು. ಸಣ್ಣ ಯಾಟ್‌ಗಳು ಆ ಕಾನೂನಿನ ಹೊರಗೇ ಉಳಿದವು. ಇಂದಿಗೂ ಸಾಗರ ಸುರಕ್ಷತೆಯ ಅಂತರರಾಷ್ಟ್ರೀಯ ರೇಡಿಯೊ ನಿಯಮಗಳು ಪ್ರಯಾಣಿಕ ಹಡಗುಗಳಿಗೂ 300 ಟನ್ನಿಗೆ ಮೇಲ್ಪಟ್ಟ ಸರಕು ಹಡಗುಗಳಿಗೂ ಕಡ್ಡಾಯ. 10-12 ಮೀಟರಿನ ಖಾಸಗಿ ಹಾಯಿದೋಣಿಯವರು ಏನು ಇಟ್ಟುಕೊಳ್ಳಬೇಕೆಂಬುದು ಬಹುಪಾಲು ಅವರವರಿಗೇ ಬಿಟ್ಟದ್ದು.

ಹಾಗಾಗಿ ದಶಕಗಳ ಕಾಲ ದೂರಸಾಗರಕ್ಕೆ ಹೋಗುವ ಯಾಟಿನವರ ಪಾಲಿಗೆ ಇದ್ದದ್ದು ಶಾರ್ಟ್‌ವೇವ್ ರೇಡಿಯೊ ಒಂದೇ. ಅಲೆಗಳು ಮೇಲಿನ ಅಯಾನುಗೋಳಕ್ಕೆ ತಾಗಿ ಪುಟಿದು ಸಾವಿರಾರು ಕಿಲೋಮೀಟರ್ ಆಚೆ ಇಳಿಯಬೇಕು. ಹಗಲಿಗೊಂದು ತರಂಗಾಂತರ, ರಾತ್ರಿಗೊಂದು. ಇಂಗ್ಲೆಂಡಿನ ಸಾಮರ್‌ಸೆಟ್‌ನಲ್ಲಿದ್ದ ಪೋರ್ಟಿಸ್‌ಹೆಡ್ ರೇಡಿಯೊ ಕೇಂದ್ರ ಜಗತ್ತಿನ ಹಡಗುಗಳಿಗೆಲ್ಲ ಟೆಲಿಫೋನ್ ಎಕ್ಸ್‌ಚೇಂಜ್ ಇದ್ದಂತೆ. ನಿಗದಿತ ಹೊತ್ತಿಗೆ ಅಲ್ಲಿನ ಆಪರೇಟರ್ ಯಾವ ಯಾವ ಹಡಗಿಗೆ ಕರೆ ಕಾದಿದೆ ಎಂದು ಹೆಸರುಗಳನ್ನು ಓದುತ್ತಿದ್ದರು. ನಮ್ಮ ಹೆಸರು ಬಂತೇ ಎಂದು ಯಾಟಿನವರು ಕಿವಿ ನಿಮಿರಿಸಿ ಕೂರಬೇಕು. ಬಂದರೆ ಕರೆದು, ಸರದಿಯಲ್ಲಿ ನಿಂತು, ಆಪರೇಟರ್ ಊರಿನ ಫೋನಿಗೆ ಜೋಡಿಸುವವರೆಗೆ ಕಾಯಬೇಕು. ಒಬ್ಬರು ಮಾತಾಡಿ ‘ಓವರ್’ ಎಂದ ಮೇಲೆ ಇನ್ನೊಬ್ಬರು. ಗಂಡ ಹೆಂಡಿರ ಜಗಳ, ಸಾಲದ ಕಂತು, ಮಗುವಿನ ಜ್ವರ, ಎಲ್ಲವೂ ಆ ತರಂಗಾಂತರಕ್ಕೆ ಕಿವಿಗೊಟ್ಟಿದ್ದ ಇತರ ಹಡಗಿನವರಿಗೂ ಕೇಳುತ್ತಿತ್ತು. ಆ ಕೇಂದ್ರ ಮುಚ್ಚಿದ್ದು 2000ದಲ್ಲಿ. ಅಷ್ಟು ಹೊತ್ತಿಗೆ ಆಕಾಶ ತುಂಬಿತ್ತು.

ಆಕಾಶ ತುಂಬಲು ಶುರುವಾದದ್ದು 1976ರಲ್ಲಿ. ಅಮೆರಿಕ ಆ ವರ್ಷ ‘ಮ್ಯಾರಿಸ್ಯಾಟ್’ ಹೆಸರಿನ ಮೂರು ಉಪಗ್ರಹಗಳನ್ನು ಹಾರಿಸಿತು. ಅವುಗಳ ದೊಡ್ಡ ಗಿರಾಕಿ ಅಮೆರಿಕದ ನೌಕಾಪಡೆ. ಜೊತೆಗೆ ವ್ಯಾಪಾರಿ ಹಡಗುಗಳಿಗೂ ಜಾಗ ಸಿಕ್ಕಿತು. 1979ರಲ್ಲಿ ಹಲವು ಸರ್ಕಾರಗಳು ಸೇರಿ ಲಂಡನ್ನಿನಲ್ಲಿ ‘ಇನ್‌ಮಾರ್‌ಸ್ಯಾಟ್’ ಕಟ್ಟಿದವು. ಭಾರತವೂ ಅದರಲ್ಲಿತ್ತು. 1982ರ ಫೆಬ್ರುವರಿಯಲ್ಲಿ ಸೇವೆ ಆರಂಭವಾಯಿತು.

ಆಗಿನ ‘ಇನ್‌ಮಾರ್‌ಸ್ಯಾಟ್-ಎ’ ಉಪಕರಣವನ್ನು ಹತ್ತಿರದಿಂದ ನೋಡಿದರೆ ಯಾಟಿನವರು ದೂರ ಉಳಿದದ್ದೇಕೆ ಎಂದು ಗೊತ್ತಾಗುತ್ತದೆ. ಉಪಗ್ರಹ ಇರುವುದು ಸಮಭಾಜಕದ ಮೇಲೆ 36,000 ಕಿಲೋಮೀಟರ್ ಎತ್ತರದಲ್ಲಿ. ಹಡಗು ಎತ್ತ ತಿರುಗಲಿ, ಎಷ್ಟು ಹೊಯ್ದಾಡಲಿ, ಸುಮಾರು ಒಂದು ಮೀಟರ್ ಅಗಲದ ಡಿಶ್ ಆ ಒಂದೇ ಬಿಂದುವನ್ನು ದಿಟ್ಟಿಸುತ್ತಿರಬೇಕು. ಅದಕ್ಕೆ ಗೈರೋಸ್ಕೋಪು, ಮೋಟಾರು. ಇಷ್ಟನ್ನೂ ಉಪ್ಪುನೀರಿನಿಂದ ಕಾಪಾಡಲು ಮೇಲೊಂದು ಬಿಳಿ ಗುಮ್ಮಟ. ಒಟ್ಟು ತೂಕ 100 ಕಿಲೋ ದಾಟುತ್ತಿತ್ತು. ಗಾಳಿಗೆ ಒಂದು ಮಗ್ಗುಲಿಗೆ ವಾಲಿ ಓಡುವ ಹಾಯಿದೋಣಿಯಲ್ಲಿ ಅಷ್ಟು ಭಾರವನ್ನು ಎತ್ತರದಲ್ಲಿ ಕೂರಿಸುವುದು ಬುದ್ಧಿವಂತಿಕೆಯಲ್ಲ. ಕೆಳಗಿಟ್ಟರೆ ಹಾಯಿಕಂಬವೇ ಉಪಗ್ರಹಕ್ಕೆ ಅಡ್ಡ. ಮಾತಿನ ದರ ನಿಮಿಷಕ್ಕೆ 10 ಡಾಲರಿನ ಆಸುಪಾಸು. ಕೋಟ್ಯಧೀಶರ ಮೋಟಾರ್ ಯಾಟ್‌ಗಳ ತಲೆಯ ಮೇಲೆ ಆ ಗುಮ್ಮಟ ಅಂತಸ್ತಿನ ಗುರುತಾಯಿತು. ಜೋಡಿ ಗುಮ್ಮಟಗಳಿದ್ದರೆ ಇನ್ನೂ ಮೇಲು. ಎರಡನೆಯದು ಎಷ್ಟೋ ಸಲ ಬರೀ ಟಿವಿಗೆ ಎಂಬುದು ಬೇರೆ ಮಾತು.

ಬಡ ನಾವಿಕರ ಪಾಲಿಗೆ 1990ರ ದಶಕದಲ್ಲಿ ಬಂದದ್ದು ‘ಇನ್‌ಮಾರ್‌ಸ್ಯಾಟ್-ಸಿ’. ಡಿಶ್ ಇಲ್ಲ, ಮೋಟಾರಿಲ್ಲ. ಅಂಗೈಯಗಲದ ಒಂದು ಆಂಟೆನಾ. ಸೆಕೆಂಡಿಗೆ 600 ಬಿಟ್, ಬರೀ ಅಕ್ಷರ. ಮಾತಿಲ್ಲ. ಹಾಯಿದೋಣಿಯವರಿಗೆ ಅಷ್ಟೇ ಸಾಕಾಗಿತ್ತು: ನಾಳಿನ ಗಾಳಿ ಎತ್ತಣದು, ಎಷ್ಟು ಬಿರುಸು ಎಂದು ಗೊತ್ತಾದರೆ ಅರ್ಧ ಜೀವ ಉಳಿದಂತೆ.

ಇನ್ನರ್ಧ ಜೀವದ ಕಥೆ ಬೇರೆಯೇ ಆಕಾಶದಲ್ಲಿ ನಡೆಯುತ್ತಿತ್ತು. ಶೀತಲ ಸಮರದ ಬಿಸಿ ಆರದಿದ್ದಾಗಲೇ, 1979ರಲ್ಲಿ, ಅಮೆರಿಕ, ಸೋವಿಯತ್ ಒಕ್ಕೂಟ, ಕೆನಡಾ, ಫ್ರಾನ್ಸ್ ಕೂಡಿ ‘ಕೊಸ್ಪಾಸ್-ಸಾರ್‌ಸ್ಯಾಟ್’ ಎಂಬ ಒಪ್ಪಂದ ಮಾಡಿಕೊಂಡವು. ದೋಣಿ ಮುಳುಗಿದರೆ ತೇಲುವ ಬೀಕನ್ ಕೂಗಬೇಕು, ಮೇಲೆ ಹಾದುಹೋಗುವ ಉಪಗ್ರಹ ಕೇಳಬೇಕು. ಉಪಗ್ರಹ ಹತ್ತಿರ ಬರುವಾಗ ಏರುವ, ದೂರ ಸರಿಯುವಾಗ ಇಳಿಯುವ ಆವರ್ತನದ ವ್ಯತ್ಯಾಸ ಅಳೆದೇ ಬೀಕನ್ ಎಲ್ಲಿದೆ ಎಂದು ಲೆಕ್ಕ ಹಾಕುತ್ತಿದ್ದರು. ಮೊದಲ ಉಪಗ್ರಹ ಸೋವಿಯತ್ತರದು, 1982ರ ಜೂನ್‌ನಲ್ಲಿ ಮೇಲೇರಿತು. ಅದೇ ಅಕ್ಟೋಬರಿನಲ್ಲಿ ಅಮೆರಿಕದ ಪೂರ್ವ ಕರಾವಳಿಯಾಚೆ ಮಗುಚಿದ ‘ಗೊಂಜೊ’ ಎಂಬ ಹಾಯಿದೋಣಿಯ ಮೂವರು ಈ ವ್ಯವಸ್ಥೆಯಿಂದಲೇ ಬದುಕಿದರು. ಅಂದರೆ ರೇಗನ್ ಮತ್ತು ಬ್ರೆಜ್ನೆವ್ ಪರಸ್ಪರ ಮುಖ ನೋಡದಿದ್ದ ಕಾಲದಲ್ಲಿ ಅಮೆರಿಕದ ನಾವಿಕರ ಕೂಗಿಗೆ ಸೋವಿಯತ್ ಉಪಗ್ರಹ ಕಿವಿಗೊಟ್ಟಿತ್ತು. ಈ ಕರೆಗೆ ಬಿಲ್ ಇಲ್ಲ, ತಿಂಗಳ ಬಾಡಿಗೆಯೂ ಇಲ್ಲ. ಇಂದಿಗೂ ಇಲ್ಲ.

1997ರ ಜನವರಿಯಲ್ಲಿ, ಒಂಟಿಯಾಗಿ ಭೂಮಿ ಸುತ್ತುವ ‘ವಾಂದೆ ಗ್ಲೋಬ್’ ಸ್ಪರ್ಧೆಯಲ್ಲಿದ್ದ ಬ್ರಿಟನ್ನಿನ ಟೋನಿ ಬುಲಿಮೋರ್ ಅವರ ದೋಣಿ ಆಸ್ಟ್ರೇಲಿಯದ ನೈಋತ್ಯಕ್ಕೆ ಬಹುದೂರದಲ್ಲಿ ತಲೆಕೆಳಗಾಯಿತು. ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಉಸಿರಾಡುತ್ತ, ಹಿಮದಂಥ ನೀರಿನ ಮೇಲೆ ಕತ್ತಲಲ್ಲಿ ಸುಮಾರು ನಾಲ್ಕು ದಿನ ಕಳೆದರು. ಬೀಕನ್ ಕೂಗುತ್ತಲೇ ಇತ್ತು. ಆಸ್ಟ್ರೇಲಿಯದ ನೌಕಾಪಡೆಯ ‘ಅಡಿಲೇಡ್’ ಹಡಗಿನವರು ಬಂದು ದೋಣಿಯ ತಳ ಬಡಿದರು. ಬುಲಿಮೋರ್ ನೀರಲ್ಲಿ ಮುಳುಗಿ ಹೊರಗೆ ಎದ್ದು ಬಂದರು. ಅದೇ ಸ್ಪರ್ಧೆಯಲ್ಲಿ ಕೆನಡಾದ ಜೆರಿ ರೂಫ್ಸ್ ಅವರ ಸೂಚಕ ಜನವರಿ 7ರ ಸುಮಾರಿಗೆ ನಿಂತುಹೋಯಿತು. ಅವರು ಸಿಗಲೇ ಇಲ್ಲ.

ಈ ಹೊತ್ತಿಗೆ ಅಮೆರಿಕದ ಮೋಟೊರೋಲಾ ಕಂಪನಿ ವಿಚಿತ್ರವೊಂದಕ್ಕೆ ಕೈಹಾಕಿತ್ತು. 1985ರಲ್ಲಿ ಅಲ್ಲಿನ ಎಂಜಿನಿಯರ್ ಬ್ಯಾರಿ ಬರ್ಟಿಗರ್ ಬಹಾಮಾಸ್ ದ್ವೀಪಗಳಿಗೆ ರಜೆಗೆ ಹೋಗಿದ್ದಾಗ, ಹೆಂಡತಿಗೆ ಮನೆ ವ್ಯವಹಾರವೊಂದಕ್ಕೆ ಊರಿಗೆ ಫೋನ್ ಮಾಡಲಾಗದೆ ಸಿಟ್ಟು ಬಂದಿತ್ತು ಎಂಬುದು ಕಂಪನಿಯವರೇ ಹೇಳುತ್ತಿದ್ದ ಕಥೆ. ಆ ಸಿಟ್ಟಿನ ಕೊನೆಯ ಖರ್ಚು ಸುಮಾರು 500 ಕೋಟಿ ಡಾಲರ್. ಭೂಮಿಯಿಂದ 780 ಕಿಲೋಮೀಟರ್ ಎತ್ತರದಲ್ಲಿ, ಧ್ರುವದಿಂದ ಧ್ರುವಕ್ಕೆ ಸುತ್ತುವ 66 ಉಪಗ್ರಹಗಳ ‘ಇರಿಡಿಯಂ’ ಜಾಲ ಅದು. 1998ರ ನವೆಂಬರ್ 1ರಂದು ಸೇವೆ ಆರಂಭ, 1999ರ ಆಗಸ್ಟಿನಲ್ಲಿ ದಿವಾಳಿ. ಫೋನಿನ ಬೆಲೆ ಸುಮಾರು 3,000 ಡಾಲರ್, ಇಟ್ಟಿಗೆಯಂಥ ಗಾತ್ರ, ಕಟ್ಟಡದೊಳಗೆ ಕೆಲಸ ಮಾಡದು. ನಗರಗಳಲ್ಲಿ ಮೊಬೈಲ್ ಟವರುಗಳು ಆಗಲೇ ಎದ್ದಿದ್ದವು. ಉಪಗ್ರಹಗಳನ್ನೆಲ್ಲ ಕೆಳಗಿಳಿಸಿ ಸುಟ್ಟುಹಾಕುವ ಸಿದ್ಧತೆಯೂ ನಡೆದಿತ್ತು. 2000ದ ಕೊನೆಗೆ ಹೂಡಿಕೆದಾರರ ಒಂದು ಗುಂಪು ಇಡೀ ಜಾಲವನ್ನು 2.5 ಕೋಟಿ ಡಾಲರಿಗೆ ಕೊಂಡಿತು. ಅಮೆರಿಕದ ರಕ್ಷಣಾ ಇಲಾಖೆ ದೊಡ್ಡ ಗಿರಾಕಿಯಾಯಿತು.

ಊರಿನವರಿಗೆ ಬೇಡವಾದ ಈ ಫೋನ್ ನಾವಿಕರಿಗೆ ವರವಾಯಿತು. ಕಾರಣ ಅದರ ಕಟ್ಟೋಣದಲ್ಲೇ ಇದೆ. ಇದರ ಪ್ರತಿಸ್ಪರ್ಧಿ ‘ಗ್ಲೋಬಲ್‌ಸ್ಟಾರ್’ನ ಉಪಗ್ರಹಗಳು ಕೆಳಗಿಂದ ಬಂದ ಮಾತನ್ನು ನೇರ ಕೆಳಗೇ ಮರಳಿಸುತ್ತವೆ; ಆ ಹೊತ್ತಿಗೆ ಉಪಗ್ರಹದ ಕಣ್ಣಳತೆಯಲ್ಲಿ ಒಂದು ಭೂಕೇಂದ್ರ ಇರಲೇಬೇಕು. ನಡು ಪೆಸಿಫಿಕ್‌ನಲ್ಲಿ ಭೂಕೇಂದ್ರ ಎಲ್ಲಿಂದ ಬರಬೇಕು? ಇರಿಡಿಯಂ ಉಪಗ್ರಹಗಳು ಬೆಂಕಿ ಬಿದ್ದ ಮನೆಗೆ ಸಾಲುಗಟ್ಟಿ ಕೊಡ ದಾಟಿಸುವವರ ಹಾಗೆ ಮಾತನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸಿ, ಭೂಕೇಂದ್ರ ಸಿಕ್ಕಲ್ಲಿ ಇಳಿಸುತ್ತವೆ. ಗಿರಗಿರ ತಿರುಗುವ ಡಿಶ್ ಬೇಕಿಲ್ಲ. ವೇಗ ಮಾತ್ರ ಸೆಕೆಂಡಿಗೆ 2.4 ಕಿಲೋಬಿಟ್. 30 ಕಿಲೋಬೈಟಿನ ಹವಾಮಾನ ಕಡತ ಎರಡು ನಿಮಿಷದೊಳಗೆ ಇಳಿದೀತು. ಮೊಬೈಲಿನಲ್ಲಿ ತೆಗೆದ 3 ಎಂಬಿ ಫೋಟೊ ಕಳಿಸಲು ಕೂತರೆ ಎರಡೂಮುಕ್ಕಾಲು ಗಂಟೆ, ಅದೂ ನಡುವೆ ಕಡಿದುಹೋಗದಿದ್ದರೆ. ಈ ಜಿಪುಣತನ ಯಾಟಿನವರಿಗೆ ಒಂದು ಶಿಸ್ತನ್ನೇ ಕಲಿಸಿತು: ಚಿತ್ರವಿಲ್ಲದ ಇಮೇಲ್, ಬೇಕಾದಷ್ಟೇ ಕಡಲಿನ ಚೌಕಕ್ಕೆ ಕತ್ತರಿಸಿದ ಗಾಳಿಯ ನಕ್ಷೆ.

ಭಾರತೀಯರಿಗೆ ಈ ಕಥೆ ಮನೆಬಾಗಿಲಿಗೆ ಬಂದದ್ದು 2018ರ ಸೆಪ್ಟೆಂಬರಿನಲ್ಲಿ. ಮೊದಲ ಗೋಲ್ಡನ್ ಗ್ಲೋಬ್‌ನ 50ನೇ ವರ್ಷಕ್ಕೆ ಸ್ಪರ್ಧೆಯನ್ನು ಹಳೆಯ ರೀತಿಯಲ್ಲೇ ಮತ್ತೆ ನಡೆಸಿದ್ದರು. ಜಿಪಿಎಸ್ ನೋಡುವಂತಿಲ್ಲ, ಸೆಕ್ಸ್ಟಂಟ್ ಹಿಡಿದು ಸೂರ್ಯ, ನಕ್ಷತ್ರ ಅಳೆದು ದಾರಿ ಕಂಡುಕೊಳ್ಳಬೇಕು. ಆದರೆ ತುರ್ತಿಗೆಂದು ಜಿಪಿಎಸ್ ಯಂತ್ರವನ್ನು ಮೊಹರು ಹಾಕಿದ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಜೊತೆಗೆ ಸಂಘಟಕರೊಂದಿಗೆ ಮಾತಾಡಲು ಉಪಗ್ರಹ ಫೋನು, ಚುಟುಕು ಸಂದೇಶದ ಯಂತ್ರ. 1968ರಲ್ಲಿ ಒಂಟಿತನ ತಾನಾಗಿ ಸಿಗುತ್ತಿತ್ತು. 2018ರಲ್ಲಿ ಅದನ್ನು ನಿಯಮ ಬರೆದು, ಮೊಹರು ಒತ್ತಿ ತಯಾರಿಸಬೇಕಾಯಿತು.

ನೌಕಾಪಡೆಯ ಕಮಾಂಡರ್ ಅಭಿಲಾಷ್ ಟಾಮಿ ಏರಿದ್ದ ‘ತುರೀಯ’ ಗೋವಾದಲ್ಲಿ ಕಟ್ಟಿದ, ಸುಹೇಲಿಯ ತದ್ರೂಪು. ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ದೋಣಿ ಉರುಳಿ ಹಾಯಿಕಂಬ ಮುರಿಯಿತು, ಟಾಮಿಯವರ ಬೆನ್ನುಮೂಳೆಗೆ ಪೆಟ್ಟಾಯಿತು. ಪರ್ತ್ ನಗರ ಅಲ್ಲಿಂದ 1,900 ನಾಟಿಕಲ್ ಮೈಲು. ಏಳಲಾಗದೆ ಮಲಗಿದ್ದವರು ಇರಿಡಿಯಂ ಮೂಲಕ ಹೋಗುವ ಪುಟ್ಟ ಯಂತ್ರದಿಂದ ತುಂಡು ತುಂಡು ಪದಗಳಲ್ಲಿ ಸ್ಥಿತಿ ತಿಳಿಸಿದರು. ಬೀಕನ್ ಕೂಡ ಚಾಲೂ ಆಯಿತು. ಭಾರತೀಯ ನೌಕಾಪಡೆಯ ವಿಮಾನ ದೋಣಿಯನ್ನು ಗುರುತಿಸಿತು. ಸೆಪ್ಟೆಂಬರ್ 24ರಂದು ಫ್ರಾನ್ಸಿನ ‘ಒಸಿರಿಸ್’ ಎಂಬ ಮೀನುಗಾರಿಕೆ ಗಸ್ತು ಹಡಗು ಅವರನ್ನು ಎತ್ತಿಕೊಂಡಿತು. ಮುಂದಿನ ಸಲದ ಅದೇ ಸ್ಪರ್ಧೆಯಲ್ಲಿ, 2023ರಲ್ಲಿ, ಟಾಮಿ ಎರಡನೆಯವರಾಗಿ ದಡ ಮುಟ್ಟಿದರು.

ಕೆಳಕಕ್ಷೆಯಲ್ಲಿ ಸಾವಿರಾರು ಉಪಗ್ರಹಗಳನ್ನು ಹರಡಿದ ‘ಸ್ಟಾರ್‌ಲಿಂಕ್’ 2022ರ ಜುಲೈಯಲ್ಲಿ ಕಡಲಿನ ಸೇವೆ ಘೋಷಿಸಿದಾಗ ಮೊದಲ ದರ ನೋಡಿ ಸಣ್ಣ ದೋಣಿಯವರು ನಕ್ಕಿದ್ದರು: ಎರಡು ಡಿಶ್‌ಗೆ 10,000 ಡಾಲರ್, ತಿಂಗಳಿಗೆ 5,000 ಡಾಲರ್. ನಗು ಹೆಚ್ಚು ದಿನ ಉಳಿಯಲಿಲ್ಲ. ಕಾರವಾನಿನ ಪ್ರವಾಸಿಗರಿಗೆಂದು ಮಾಡಿದ ಅಗ್ಗದ ಡಿಶ್ಶನ್ನೇ ದೋಣಿಯ ಹಿಂಬದಿಯ ಕಂಬಿಗೆ ಕಟ್ಟಿಕೊಂಡು ಹೊರಟವರು ನೂರಾರು. ಕಂಪನಿಯೂ ಸಣ್ಣ ದೋಣಿಗೆ ಎಟುಕುವ ಪ್ಲಾನ್‌ಗಳನ್ನು ತಂದಿತು. ಉಪಗ್ರಹ ಸುಮಾರು 550 ಕಿಲೋಮೀಟರ್ ಎತ್ತರದಲ್ಲೇ ಇರುವುದರಿಂದ ಮಾತು ತಡವಾಗಿ ಮುಟ್ಟುವ ಕಿರಿಕಿರಿಯಿಲ್ಲ. ಡಿಶ್ ತಾನಿದ್ದಲ್ಲೇ ಇದ್ದು ಅಲೆಯನ್ನು ವಿದ್ಯುತ್ತಿನಿಂದಲೇ ಬೇಕಾದತ್ತ ತಿರುಗಿಸುತ್ತದೆ; ಗೈರೋಸ್ಕೋಪು ಬೇಡ.

ಈ ಡಿಶ್ ಕೇಳುವುದು ಕರೆಂಟನ್ನು. 50 ವ್ಯಾಟ್ ಎಂದಿಟ್ಟುಕೊಂಡರೂ ದಿನವಿಡೀ ಓಡಿಸಿದರೆ 12 ವೋಲ್ಟಿನ ಬ್ಯಾಟರಿಯಿಂದ 100 ಆಂಪಿಯರ್-ಅವರ್ ಬಸಿಯುತ್ತದೆ. ಹಾಯಿದೋಣಿಯಲ್ಲಿ ಅದು ಫ್ರಿಜ್ಜಿನೊಂದಿಗೆ ಪೈಪೋಟಿಗಿಳಿಯುವ ಲೆಕ್ಕ. ಹಾಗಾಗಿ ಹಲವರು ಬೆಳಿಗ್ಗೆ ಸಂಜೆ ಒಂದಿಷ್ಟು ಹೊತ್ತು ಹಾಕಿ ಆರಿಸುತ್ತಾರೆ. ಪೋರ್ಟಿಸ್‌ಹೆಡ್‌ನ ನಿಗದಿತ ಹೊತ್ತು ಬೇರೆ ವೇಷದಲ್ಲಿ ಮರಳಿ ಬಂದಿದೆ ಎನ್ನಬಹುದು. ಇನ್ನು ಪಂದ್ಯಗಳಲ್ಲಿ, 2024ರ ನವೆಂಬರಿನಲ್ಲಿ ಹೊರಟ ವಾಂದೆ ಗ್ಲೋಬ್‌ನ ಸ್ಪರ್ಧಿಗಳು ದಕ್ಷಿಣ ಸಾಗರದ ಅಲೆಗಳ ನಡುವಿಂದ ವಿಡಿಯೊ ಕಳಿಸುತ್ತ ಹೋದರು. ದಡದಿಂದ ಹವಾಮಾನ ಸಲಹೆ ಪಡೆಯಬಾರದೆಂಬ ನಿಯಮ ಮಾತ್ರ ಹಾಗೇ ಇದೆ. ಜಗತ್ತಿಡೀ ಮಾತಾಡಬಹುದು, ಗಾಳಿಯ ವಿಷಯವೊಂದನ್ನು ಬಿಟ್ಟು!

ಅನುಭವಸ್ಥರು ಒಂದನ್ನೇ ನೆಚ್ಚದಿರುವುದಕ್ಕೆ ‘ರೈನ್‌ಡಾನ್ಸರ್’ ಸಾಕ್ಷಿ. 2023ರ ಮಾರ್ಚ್ 13ರಂದು ಗಲಾಪಗೋಸ್‌ನಿಂದ ಫ್ರೆಂಚ್ ಪಾಲಿನೇಷ್ಯಕ್ಕೆ ಹೊರಟಿದ್ದ ಈ ಯಾಟಿಗೆ ತಿಮಿಂಗಿಲ ಬಡಿದು, ದೋಣಿ ಕಾಲು ಗಂಟೆಯಲ್ಲಿ ಮುಳುಗಿತು. ನಾಲ್ವರು ಜೀವರಕ್ಷಕ ತೆಪ್ಪಕ್ಕೆ ಇಳಿದರು. ಬೀಕನ್ ಒತ್ತಿದ್ದರು, ಅದು ರಕ್ಷಣಾ ಕೇಂದ್ರಗಳಿಗೆ ಮುಟ್ಟಿತು. ಇರಿಡಿಯಂನಿಂದ ಇನ್ನೊಂದು ಯಾಟಿನಲ್ಲಿದ್ದ ಗೆಳೆಯನಿಗೆ ಸಂದೇಶ ಹೋಯಿತು. ಅಲ್ಲಿಂದ ಸುದ್ದಿ ಇಂಟರ್‌ನೆಟ್ಟಿಗೆ ಬಿದ್ದು, ಅದೇ ದಾರಿಯಲ್ಲಿದ್ದ ಯಾಟ್‌ಗಳಿಗೆಲ್ಲ ಹಬ್ಬಿತು. ಸುಮಾರು ಹತ್ತು ಗಂಟೆಯೊಳಗೆ ‘ರೋಲಿಂಗ್ ಸ್ಟೋನ್ಸ್’ ಎಂಬ ಯಾಟ್ ಅವರನ್ನು ಎತ್ತಿಕೊಂಡಿತು. ತೆಪ್ಪಕ್ಕೆ ಜೊತೆಗೆ ಒಯ್ಯಲಾದದ್ದು ಕೈಯಲ್ಲಿ ಹಿಡಿಯುವಂಥ, ಸ್ವಂತ ಬ್ಯಾಟರಿಯ ಯಂತ್ರಗಳನ್ನು. ದೊಡ್ಡ ಡಿಶ್ ಎಷ್ಟೇ ವೇಗದ್ದಾದರೂ ದೋಣಿಯೊಂದಿಗೆ ಮುಳುಗುವಂಥದ್ದು.

ಇಷ್ಟೆಲ್ಲ ಸ್ವಾತಂತ್ರ್ಯ ಭಾರತದ ಕಡಲಿಗೆ ಬಂದರೆ ನಿಂತುಬಿಡುತ್ತದೆ. 2008ರ ನವೆಂಬರ್ 26ರ ಮುಂಬೈ ದಾಳಿಕೋರರು ಅಪಹರಿಸಿದ ‘ಕುಬೇರ್’ ಮೀನುಗಾರಿಕೆ ದೋಣಿಯಲ್ಲಿ ‘ತುರಾಯ’ ಉಪಗ್ರಹ ಫೋನೊಂದು ಸಿಕ್ಕಿತ್ತು. ಪರವಾನಗಿಯಿಲ್ಲದ ನಿಸ್ತಂತು ಯಂತ್ರದ ಮೇಲೆ 1933ರ ಕಾಯ್ದೆಯ ಕಣ್ಣು ಮೊದಲೇ ಇತ್ತು. ದಾಳಿಯ ನಂತರ ನೌಕಾಯಾನ ಮಹಾನಿರ್ದೇಶನಾಲಯ ತುರಾಯ, ಇರಿಡಿಯಂ ಫೋನುಗಳನ್ನು ಅನುಮತಿಯಿಲ್ಲದೆ ಭಾರತದ ಜಲಪ್ರದೇಶದಲ್ಲಿ ಬಳಸಬಾರದೆಂದು ಬಿಗಿಮಾಡಿತು. ಬೇರೆ ದೇಶದ ಯಾಟಿನವನಿಗೆ ಅದು ಜೀವದ ದಾರಿ, ಇಲ್ಲಿನ ಅಧಿಕಾರಿಗೆ ಅನುಮಾನದ ವಸ್ತು. ಇಬ್ಬರ ಕಾರಣವೂ ಸುಳ್ಳಲ್ಲ. 2018ರ ಕೊನೆಯಲ್ಲಿ ವಿಮಾನ ಮತ್ತು ಹಡಗುಗಳಲ್ಲಿ ಇಂಟರ್‌ನೆಟ್ ಕೊಡಲು ಹೊಸ ನಿಯಮ ಬಂತು. 2025ರ ಜೂನ್‌ನಲ್ಲಿ ಸ್ಟಾರ್‌ಲಿಂಕ್‌ಗೆ ದೂರಸಂಪರ್ಕ ಪರವಾನಗಿ ಸಿಕ್ಕಿತು.

ಕರ್ನಾಟಕದ ಕರಾವಳಿಗೆ ಈ ವಿಷಯ ವಿಹಾರದ್ದಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಆಳಸಮುದ್ರದ ಮೀನುಗಾರಿಕೆಗೆ ಹೋದ ‘ಸುವರ್ಣ ತ್ರಿಭುಜ’ ಬೋಟು ಏಳು ಮಂದಿಯೊಂದಿಗೆ ಕಾಣೆಯಾಯಿತು. ದಡದಿಂದ ದೂರ ಹೋದರೆ ಮೊಬೈಲ್ ಸಿಗ್ನಲ್ ಇಲ್ಲ; ಬೋಟಿನ ವೈರ್‌ಲೆಸ್ ಸೆಟ್ಟಿನ ಕೂಗು ಸುತ್ತಲಿನ ಬೋಟುಗಳವರೆಗೆ ಮಾತ್ರ. ಅವಶೇಷ ಸಿಕ್ಕಿದ್ದು 2019ರ ಮೇನಲ್ಲಿ, ಮಹಾರಾಷ್ಟ್ರದ ಮಾಲ್ವಣ ಕಡಲಿನ ತಳದಲ್ಲಿ.

ಮೀನುಗಾರರಿಗೆಂದು ಇಸ್ರೊ ಮಾಡಿದ ಅಪಾಯ ಸೂಚಕ ಯಂತ್ರ ಅದಕ್ಕೂ ಮೊದಲಿನಿಂದಲೇ ಬಳಕೆಯಲ್ಲಿತ್ತು, ದೇಶದಲ್ಲಿ 20,000ಕ್ಕೂ ಹೆಚ್ಚು ಬೋಟುಗಳಲ್ಲಿ. ಆದರೆ ಗುಂಡಿ ಒತ್ತಿದವರಿಗೆ ಕೂಗು ಮುಟ್ಟಿತೋ ಇಲ್ಲವೋ ತಿಳಿಯುತ್ತಿರಲಿಲ್ಲ. 2024ರ ಜನವರಿಯಲ್ಲಿ ಇಸ್ರೊ ಪ್ರಕಟಿಸಿದ ಎರಡನೆಯ ಪೀಳಿಗೆಯ ಯಂತ್ರ ಆ ಕೊರತೆ ತುಂಬಿತು. ಕೂಗು ಉಪಗ್ರಹದ ಮೂಲಕ ಬೆಂಗಳೂರಿನಲ್ಲಿರುವ ಇಸ್ರೊದ ಘಟಕ ಇಸ್ಟ್ರಾಕ್‌ನ ನಿಯಂತ್ರಣ ಕೇಂದ್ರಕ್ಕೆ ಬರುತ್ತದೆ. ಕೊಸ್ಪಾಸ್-ಸಾರ್‌ಸ್ಯಾಟ್ ಬೀಕನ್ ಜಾಲದ ಭಾರತದ ಕೇಂದ್ರವೂ ಅದೇ. ಮುಟ್ಟಿತು ಎಂಬ ಉತ್ತರ ಬೋಟಿಗೆ ಮರಳುತ್ತದೆ. ಚಂಡಮಾರುತದ ಎಚ್ಚರಿಕೆ, ಮೀನು ಹೆಚ್ಚಿರುವ ಜಾಗದ ಮಾಹಿತಿಯನ್ನೂ ಅತ್ತಣಿಂದ ಕಳಿಸಬಹುದು. ಯಂತ್ರವನ್ನು ಬ್ಲೂಟೂತ್‌ನಲ್ಲಿ ಮೊಬೈಲಿಗೆ ಜೋಡಿಸಿದರೆ ಬೋಟಿನವರು ಆ ಸಂದೇಶಗಳನ್ನು ತಮ್ಮದೇ ಭಾಷೆಯಲ್ಲಿ ಓದಿಕೊಳ್ಳಬಹುದು.